ಮರಳಿನಿಂದ ಬಂದ ಎರಡು ಕರೆಗಳು

ಸಾಂತಪ್ಪನವರನ್ನು ನಾನು ಮೊದಲು ಕಂಡದ್ದು ಸೌದಿಯ ನಜ್ರಾನಿನಲ್ಲಿ, 2011ರ ಡಿಸೆಂಬರ್ ತಿಂಗಳ ಒಂದು ಬುಧವಾರ ಸಂಜೆ. ಆಗ ಅಲ್ಲಿ ವಾರದ ರಜೆ ಗುರುವಾರ ಮತ್ತು ಶುಕ್ರವಾರ. ಆದುದರಿಂದ ಬುಧವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಯಿತೆಂದರೆ ಪೂರ್ವದಿಕ್ಕಿನ ರಸ್ತೆಯ ಅಂಗಡಿಗಳ ಮುಂದೆ ಪಿಕಪ್ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಚಳಿಗಾಲದಲ್ಲಿ ಮರಳುಗಾಡಿಗೆ ಹೋಗಿ ಡೇರೆ ಹಾಕುವುದು, ನಾಲ್ಕು ಚಕ್ರದ ಬೈಕುಗಳನ್ನು ಮರಳಿನ ದಿಬ್ಬಗಳ ಮೇಲೆ ಹತ್ತಿಸಿ ಇಳಿಸುವುದು ಅಲ್ಲಿಯ ಯುವಕರಿಗೆ ಬಲು ಇಷ್ಟ. ಆ ಬೈಕಿಗೆ ಅವರು ದಬಾಬ್ ಎನ್ನುತ್ತಾರೆ. ಅಬೂ ಫಹದ್ ಎಂಬ ಸೌದಿ ಯಜಮಾನರ ಅಂಗಡಿಯಲ್ಲಿ ದಬಾಬ್, ಡೇರೆ, ನೀರಿನ ಡ್ರಮ್ಮು, ವಯರ್‌ಲೆಸ್ ಸೆಟ್ಟು ಎಲ್ಲವೂ ಬಾಡಿಗೆಗೆ ಸಿಗುತ್ತಿದ್ದವು. ಆ ಅಂಗಡಿಯ ಅಂಗಳದಲ್ಲಿ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯರೊಬ್ಬರು ಮೂವರು ಯುವಕರನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳುತ್ತಿದ್ದರು. ಭಾಷೆ ಹರಕು ಅರಬ್ಬಿ. ದನಿ ಮಾತ್ರ ಅರುವತ್ತು ಮಕ್ಕಳ ತರಗತಿಯನ್ನು ಆಳಬಲ್ಲಂತಹುದು.

"ಈ ಮೊಬೈಲಿನಲ್ಲಿ ಕಡೆಯ ಪೆಟ್ರೋಲ್ ಪಂಪ್ ದಾಟಿದ ಮೇಲೆ ಹಾಡು ಕೇಳಬಹುದು, ಮತ್ತೇನೂ ಆಗುವುದಿಲ್ಲ," ಎಂದರು. "ಈ ವಾಕಿ ಟಾಕಿ ನೀವು ಒಬ್ಬರನ್ನೊಬ್ಬರು ಬೈದುಕೊಳ್ಳುವುದಕ್ಕೆ. ನಡುವೆ ಒಂದು ದಿಬ್ಬ ಬಂದರೆ ಅದೂ ಮೂಕ. ಇದು ಉಪಗ್ರಹದ ಫೋನು. ಈ ಕಡ್ಡಿಯನ್ನು ಪೂರ್ತಿ ಎಳೆಯಬೇಕು. ದಿಬ್ಬದ ಬುಡದಲ್ಲಿ ನಿಂತು ಮಾತಾಡಬಾರದು, ಆಕಾಶ ಬಿಚ್ಚಿ ಕಾಣುವ ಕಡೆ ನಿಲ್ಲಬೇಕು. ಇನ್ನು ಈ ಕೆಂಪು ಡಬ್ಬಿ. ಮುಚ್ಚಳ ತೆಗೆದು ಗುಂಡಿ ಒತ್ತಿದರೆ ಮಾತಿಲ್ಲ, ಕತೆಯಿಲ್ಲ. ನೀವಿರುವ ಜಾಗ ನೇರವಾಗಿ ರಕ್ಷಣೆಯವರಿಗೆ ತಿಳಿಯುತ್ತದೆ. ಜೀವ ಹೋಗುವಂತಿದ್ದರೆ ಮಾತ್ರ ಒತ್ತಿ. ಚಹಾ ಪುಡಿ ಮುಗಿಯಿತೆಂದು ಒತ್ತಬೇಡಿ."

ಯುವಕರು ನಕ್ಕರು. ಅವರಲ್ಲೊಬ್ಬ, "ಫೋನು ಮಾಡಿದರೆ ಎತ್ತುವವರು ಯಾರು?" ಎಂದು ಕೇಳಿದ.

"ನಾನು," ಎಂದರು ಸಾಂತಪ್ಪನವರು.

ದಬಾಬಿನ ಅಡಿಯಲ್ಲಿ ಮಲಗಿ ಬೋಲ್ಟು ಬಿಗಿಯುತ್ತಿದ್ದ ಮೆಕ್ಯಾನಿಕ್ ಒಬ್ಬ ತಲೆ ಹೊರಗೆ ಹಾಕಿದ. "ಸಾಂತಪ್ಪಣ್ಣ, ನಿಮ್ಮ ಪಾಠ ಮುಗಿಯುವಾಗ ಇವರ ರಜೆ ಮುಗೀತದೆ ಮಾರಾಯ್ರೆ."

"ನೀನು ಸುಮ್ನಿರು ಮಾರಾಯ. ಗಾಡಿ ಹಾಳಾದ್ರೆ ನಿನ್ನನ್ನು ಕರೀಲಿಕ್ಕೆ. ಇವರೇ ಹಾಳಾದ್ರೆ ನನ್ನನ್ನು ಕರೀಲಿಕ್ಕೆ."

ಆ ಮೆಕ್ಯಾನಿಕ್ಕೇ ಮುನವ್ವರ್. ದೇರಳಕಟ್ಟೆಯವನು, ಆಗ ಅವನಿಗೆ ಮೂವತ್ತೆರಡು ವರ್ಷ. ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಒಟ್ಟಿಗೆ ವಾಸ. ತಮ್ಮೊಳಗೆ ತುಳುವಿನಲ್ಲಿ ಮಾತು, ಮೂರನೆಯವರಿದ್ದರೆ ಕನ್ನಡ. ಒಬ್ಬರು ಅನ್ನಕ್ಕಿಟ್ಟರೆ ಇನ್ನೊಬ್ಬರು ಮೀನು ಹೆಚ್ಚುವುದು. ಹೀಗೆ ಆರು ವರ್ಷ ನಡೆದಿತ್ತು.

ಸಾಂತಪ್ಪನವರ ಊರು ಬೆಳ್ಮಣ್ಣು. ಹರೆಯದಲ್ಲಿ ಅವರು ಮಲ್ಪೆ ಬಂದರಿನಲ್ಲಿ ಮೀನುಗಾರಿಕೆಯ ಬೋಟುಗಳ ವಯರ್‌ಲೆಸ್ ಸೆಟ್ಟುಗಳನ್ನು ದುರಸ್ತಿ ಮಾಡುತ್ತಿದ್ದರು. ಕಡಲಿನಲ್ಲಿ ಬೋಟು ಕೆಟ್ಟರೆ ದಡದಲ್ಲಿ ಒಬ್ಬ ಕಿವಿಗೊಟ್ಟು ಕೂತಿರಬೇಕು. ಅವನು ಬೀಡಿ ಸೇದಲು ಎದ್ದು ಹೋದರೆ ಒಳ್ಳೆಯ ಯಂತ್ರವಿದ್ದೂ ಪ್ರಯೋಜನವಿಲ್ಲ. ಇದನ್ನು ಅವರು ಅಲ್ಲಿಯೇ ಕಲಿತಿದ್ದರು. 1994ರಲ್ಲಿ ಸೌದಿಗೆ ಬಂದ ಮೇಲೆ ಕಡಲಿನ ಬದಲು ಮರಳು ಬಂತು, ಕೆಲಸ ಅದೇ ಉಳಿಯಿತು. ನಜ್ರಾನಿನಿಂದ ಎರಡು ಗಂಟೆ ಪೂರ್ವಕ್ಕೆ ಹೋದರೆ ಮರಳಿನ ದೊಡ್ಡ ಸೀಮೆ ಆರಂಭವಾಗುತ್ತದೆ. ಅದರೊಳಗೆ ಹೋದವರ ಹೆಸರು, ಹೊರಟ ಸಮಯ, ಹೋಗುವ ದಿಕ್ಕು, ಹಿಂದಿರುಗುವ ಸಮಯ ಇಷ್ಟನ್ನೂ ಕಾಗದದಲ್ಲಿ ಬರೆಸಿಕೊಂಡೇ ಅವರು ಸೆಟ್ಟು ಕೊಡುತ್ತಿದ್ದರು. ಹೇಳಿದ ಹೊತ್ತಿಗೆ ಯಾರಾದರೂ ಬಾರದಿದ್ದರೆ ಅಂಗಡಿ ಮುಚ್ಚಿದ ಮೇಲೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಗಿರಾಕಿಗಳ ಮಟ್ಟಿಗೆ ಈ ಕ್ರಮದಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ತಮ್ಮವರ ಮಟ್ಟಿಗೆ ಮಾತ್ರ ಬೇರೆಯೇ ಒಂದು ಕ್ರಮ ಬೆಳೆದು ಬಂದಿತ್ತು.

ಗಲ್ಫಿನಲ್ಲಿ ದುಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೋನು ಮಾಡುವುದು, ಮೂರು ಸಲ ರಿಂಗ್ ಆಗಲು ಬಿಡುವುದು, ಕಟ್ ಮಾಡುವುದು. ಆಚೆಯವರು ಎತ್ತಬಾರದು. ಎತ್ತಿದರೆ ಮಾಡಿದವನಿಗೆ ಹಣ ಬೀಳುತ್ತದೆ. ವಿಮಾನ ಇಳಿದೆ ಎಂಬುದಕ್ಕೆ ಒಂದು ಮಿಸ್ಡ್ ಕಾಲ್, ಕೋಣೆ ತಲುಪಿದೆ ಎಂಬುದಕ್ಕೆ ಇನ್ನೊಂದು, ಊರಿನಲ್ಲಿ ಮಗು ಶಾಲೆಯಿಂದ ಬಂತು ಎಂಬುದಕ್ಕೆ ಮತ್ತೊಂದು. ಎತ್ತದಿರುವುದೇ ಪ್ರೀತಿ ಎಂಬಂತಾಗಿತ್ತು. ಯಾರಾದರೂ ಮರೆತು ಎತ್ತಿದರೆ ಆಚೆಯಿಂದ ಮೊದಲು ಕೇಳಿಬರುತ್ತಿದ್ದ ಮಾತು, "ಯಾಕೆ ಎತ್ತಿದ್ರಿ?" ಎಂಬುದು. ಉಪಗ್ರಹದ ಫೋನಿನಲ್ಲಂತೂ ಒಂದು ನಿಮಿಷಕ್ಕೆ ಸಾಮಾನ್ಯ ಫೋನಿನ ಹತ್ತು ಪಟ್ಟು. ಕಾರ್ಡು ಬೇಗ ಖಾಲಿಯಾದರೆ ಅಬೂ ಫಹದ್ ಹುಬ್ಬು ಗಂಟಿಕ್ಕುತ್ತಿದ್ದರು. ಹಾಗಾಗಿ ಕೆಟ್ಟುನಿಂತ ದಬಾಬುಗಳನ್ನು ತರಲು ಮುನವ್ವರ್ ಮರಳಿಗೆ ಹೋದಾಗಲೆಲ್ಲ ತಲುಪಿದ್ದಕ್ಕೆ ಮೂರು ರಿಂಗ್, ಹೊರಟದ್ದಕ್ಕೆ ಮೂರು ರಿಂಗ್ ಕೊಡುತ್ತಿದ್ದ. ಸಾಂತಪ್ಪನವರು ಪರದೆಯ ಮೇಲೆ ಆ ಉದ್ದನೆಯ ನಂಬರನ್ನು ನೋಡಿ, ತಲೆದೂಗಿ, ಫೋನನ್ನು ಮತ್ತೆ ಕಿಸೆಗೆ ಹಾಕುತ್ತಿದ್ದರು.

2013ರ ಜನವರಿಯ ಒಂದು ಗುರುವಾರ ಗಿರಾಕಿಯೊಬ್ಬನ ದಬಾಬ್ ಮರಳಿನೊಳಗೆ ಕೆಟ್ಟು ನಿಂತಿತು. ಅದನ್ನು ಅಲ್ಲಿಯೇ ಬಿಟ್ಟು, ಜಾಗದ ಗುರುತನ್ನು ಕಾಗದದಲ್ಲಿ ಬರೆದು ತಂದುಕೊಟ್ಟ. ಮರುದಿನ ಶುಕ್ರವಾರ. ಅಬೂ ಫಹದ್ ಬೆಳಗ್ಗೆಯೇ ಬಂದು, "ಯಾರಾದರೂ ಹೊತ್ತುಕೊಂಡು ಹೋಗುವ ಮೊದಲು ತಂದುಬಿಡಿ, ಯಲ್ಲಾ," ಎಂದರು.

ಒಬ್ಬನೇ ಮರಳಿಗೆ ಹೋಗಬಾರದು ಎಂಬುದು ಸಾಂತಪ್ಪನವರೇ ಮಾಡಿದ ನಿಯಮ. ಅದನ್ನು ಗೋಡೆಯ ಮೇಲೆ ಅರಬ್ಬಿಯಲ್ಲಿ ಬರೆಸಿ ಅಂಟಿಸಿದ್ದರು. ಆದರೆ ಶುಕ್ರವಾರ ಗಿರಾಕಿಗಳು ಸಾಮಾನು ಹಿಂದಿರುಗಿಸುವ ದಿನ; ಅಂಗಡಿಯಲ್ಲಿ ಒಬ್ಬರು ಇರಲೇಬೇಕು. ಕೆಂಪು ಡಬ್ಬಿಗಳು ಇದ್ದದ್ದೇ ಎರಡು. ಎರಡೂ ಗಿರಾಕಿಗಳೊಂದಿಗೆ ಹೋಗಿದ್ದವು. ಕೆಲಸದವರಿಗೆಂದು ಒಂದನ್ನು ತೆಗೆದಿಡಬೇಕೆಂಬ ಯೋಚನೆ ಯಾರಿಗೂ ಬಂದಿರಲಿಲ್ಲ, ಸಾಂತಪ್ಪನವರಿಗೂ ಬಂದಿರಲಿಲ್ಲ.

"ಒಬ್ಬನೇ ಬೇಡ ಮಾರಾಯ, ನಾಳೆ ಹೋಗುವ," ಎಂದರು ಅವರು.

"ನಾಳೆಗೆ ಬೇರೆ ಕೆಲಸ ಉಂಟು. ಮಧ್ಯಾಹ್ನಕ್ಕೆ ವಾಪಸ್ ಬರ್ತೇನೆ. ನೀವು ಬಂಗುಡೆ ತೆಗೆದಿಡಿ, ಪೂರ್ತಿ ತಿಂದು ಮುಗಿಸ್ಬೇಡಿ." ಹಾಗೆಂದು ಮುನವ್ವರ್ ಪಿಕಪ್ಪಿಗೆ ಒಂದು ದಬಾಬ್ ಏರಿಸಿ, ಉಪಗ್ರಹದ ಫೋನನ್ನು ಜಾಕೆಟ್ಟಿನ ಕಿಸೆಗೆ ಹಾಕಿ ಹೊರಟ. ಆಗ ಗಂಟೆ ಆರೂವರೆ.

ಒಂಬತ್ತಕ್ಕೆ ಮೂರು ರಿಂಗ್ ಬಂತು. ಪಿಕಪ್ ಮರಳಿನ ಅಂಚು ತಲುಪಿದೆ, ಇನ್ನು ದಬಾಬ್ ಇಳಿಸಿ ಒಳಗೆ ಹೋಗುತ್ತಾನೆ ಎಂದು ಸಾಂತಪ್ಪನವರು ಲೆಕ್ಕ ಹಾಕಿದರು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಮತ್ತೆ ಅದೇ ಉದ್ದನೆಯ ನಂಬರು. ಆಗ ಅವರ ಮುಂದೆ ಹರಿದ ಡೇರೆಯೊಂದನ್ನು ಹಿಡಿದು ಇಬ್ಬರು ಗಿರಾಕಿಗಳು ನಿಂತಿದ್ದರು. ಹರಿದದ್ದು ತಾವಲ್ಲ, ಮೊದಲೇ ಹರಿದಿತ್ತು ಎಂದು ಅವರ ವಾದ. ಜುಮಾ ನಮಾಜಿಗೆ ಹೊರಡುವ ಆತುರ ಬೇರೆ. ಫೋನು ರಿಂಗ್ ಆಗುತ್ತಲೇ ಇತ್ತು. ನಾಲ್ಕಾಯಿತು, ಆರಾಯಿತು, ತಾನಾಗಿ ನಿಂತಿತು. ಕಟ್ ಮಾಡಲು ಮರೆತಿರಬೇಕು ಎಂದುಕೊಂಡರು. ಇಷ್ಟು ಬೇಗ ಕೆಲಸ ಮುಗಿಸಿ ಹೊರಟನಲ್ಲ ಎಂದು ಮನಸ್ಸಿನಲ್ಲಿಯೇ ಮೆಚ್ಚಿಕೊಂಡರು.

ಎರಡು ನಿಮಿಷದಲ್ಲಿ ಮತ್ತೆ ಬಂತು. ಆಗ ಸಾಂತಪ್ಪನವರು ಕೈ ಚಾಚಿ ಕೆಂಪು ಗುಂಡಿ ಒತ್ತಿ ಕರೆಯನ್ನು ಕಟ್ ಮಾಡಿದರು. ಸಿಟ್ಟಿನಿಂದ ಮಾಡಿದ್ದಲ್ಲ. ತಿಳಿಯಿತು ಮಾರಾಯ, ಸುಮ್ಮನೆ ಕಾರ್ಡು ಹಾಳು ಮಾಡಬೇಡ ಎಂದು ಗೆಳೆಯನಿಗೆ ಹೇಳುವ ರೀತಿ ಅದು. ಹಾಗೆ ಕಟ್ ಮಾಡುವುದು ಆ ಕೋಣೆಯಲ್ಲಿ ಒಂದು ಉಪಕಾರವೆಂದೇ ನಡೆದುಬಂದಿತ್ತು.

ಮತ್ತೆ ಫೋನು ಬರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಮುನವ್ವರ್ ಬರಲಿಲ್ಲ. ಎರಡು ದಬಾಬ್ ಏರಿಸಿಕೊಂಡು ನಿಧಾನವಾಗಿ ಬರುತ್ತಿರಬಹುದು ಎಂದುಕೊಂಡರು. ಎರಡೂವರೆಯಾಯಿತು, ಮೂರೂವರೆಯಾಯಿತು. ಅಸರ್ ಬಾಂಗು ಕೇಳಿದಾಗ ಅವರು ಫೋನು ತೆಗೆದು ಬಂದ ಕರೆಗಳ ಪಟ್ಟಿಯನ್ನು ನೋಡಿದರು. ಒಂಬತ್ತಕ್ಕೆ ಒಂದು. ಹತ್ತು ಐವತ್ತಕ್ಕೆ ಒಂದು. ಹತ್ತು ಐವತ್ತೆರಡಕ್ಕೆ ಇನ್ನೊಂದು. ಆರು ವರ್ಷದಲ್ಲಿ ಒಮ್ಮೆಯಾದರೂ ಮುನವ್ವರ್ ಮೂರು ರಿಂಗಿಗಿಂತ ಹೆಚ್ಚು ಬಿಟ್ಟವನಲ್ಲ. ಅಷ್ಟು ಹೊತ್ತು ರಿಂಗ್ ಆಗಲು ಬಿಟ್ಟನೆಂದರೆ ಎತ್ತಲಿ ಎಂದೇ ಬಿಟ್ಟದ್ದು. ಅದು ನಿಂತ ಮೇಲೆ ಮತ್ತೆ ಮಾಡಿದನೆಂದರೆ ಬೇರೆ ದಾರಿಯಿಲ್ಲದೆ ಮಾಡಿದ್ದು.

ಆ ನಂಬರಿಗೆ ತಾವೇ ಕರೆ ಮಾಡಿದರು. ಸಂಪರ್ಕ ಸಿಗುತ್ತಿಲ್ಲವೆಂದು ಹೆಂಗಸೊಬ್ಬಳ ದನಿ ಅರಬ್ಬಿಯಲ್ಲಿ ಹೇಳಿತು. ಹತ್ತು ಸಲ ಮಾಡಿದರು, ಹತ್ತು ಸಲವೂ ಅದನ್ನೇ ಹೇಳಿತು.

ಅಬೂ ಫಹದ್ ಕೆಟ್ಟವರಲ್ಲ. ಸುದ್ದಿ ಕೇಳಿದೊಡನೆ ಬಂದರು, ಪೊಲೀಸರಿಗೂ ತಮ್ಮ ನೆಂಟರಿಗೂ ಫೋನು ಮಾಡಿದರು. ಸೂರ್ಯ ಮುಳುಗುವುದರಲ್ಲಿದ್ದುದರಿಂದ ಕತ್ತಲಲ್ಲಿ ಮರಳಿಗಿಳಿದರೆ ಹುಡುಕುವವರೇ ಕಳೆದುಹೋಗುತ್ತಾರೆಂದು ಎಲ್ಲರೂ ಹೇಳಿದರು. ನಸುಕಿನ ಫಜರ್ ನಮಾಜು ಮುಗಿಸಿ ಮೂರು ಗಾಡಿಗಳು ಹೊರಡುವುದೆಂದು ನಿಶ್ಚಯವಾಯಿತು. ಜನವರಿಯಲ್ಲಿ ಆ ಮರಳಿನ ಮೇಲೆ ನೀರು ಹೆಪ್ಪುಗಟ್ಟುವಂತಹ ಚಳಿಯಿರುತ್ತದೆ. ಸಾಂತಪ್ಪನವರು ಅದನ್ನು ಎಷ್ಟೋ ಗಿರಾಕಿಗಳಿಗೆ ಎಚ್ಚರಿಸಿ ಹೇಳಿದ್ದರು.

ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಮರಳಿನ ಅಂಚಿನಲ್ಲಿ ಪಿಕಪ್ ಸಿಕ್ಕಿತು. ಬಾಗಿಲಿಗೆ ಬೀಗ ಹಾಕಿತ್ತು. ಅಲ್ಲಿಂದ ಒಳಗೆ ಹೋದ ದಬಾಬಿನ ಚಕ್ರದ ಗುರುತು ಎರಡು ದಿಬ್ಬಗಳವರೆಗೆ ಇತ್ತು, ಮುಂದೆ ಗಾಳಿ ಒರೆಸಿಬಿಟ್ಟಿತ್ತು. ಕಾಗದದಲ್ಲಿ ಬರೆದ ಜಾಗಕ್ಕೆ ಹೋದರೆ ಕೆಟ್ಟ ದಬಾಬ್ ಇದ್ದಲ್ಲಿಯೇ ಇತ್ತು. ಮುನವ್ವರ್ ಅಲ್ಲಿಗೆ ತಲುಪಿದ ಲಕ್ಷಣವೇ ಇರಲಿಲ್ಲ.

ಗಾಡಿಗಳು ಬೇರೆಬೇರೆ ದಿಕ್ಕಿಗೆ ಹೊರಳಿದವು. ಸಾಂತಪ್ಪನವರು ಅಬೂ ಫಹದರ ಗಾಡಿಯಲ್ಲಿ ಹಿಂದೆ ನಿಂತಿದ್ದರು, ಎರಡೂ ಕೈಗಳಿಂದ ಕಂಬಿ ಹಿಡಿದು. ಹತ್ತು ಗಂಟೆಯಿರಬೇಕು, ದಕ್ಷಿಣದ ದಿಬ್ಬದ ಇಳಿಜಾರಿನಲ್ಲಿ ಏನೋ ಮಿಂಚಿತು. ಒಮ್ಮೆ ಮಿಂಚಿ ಸುಮ್ಮನಾಯಿತು. ಬಿಸಿಲಿಗೆ ಕಣ್ಣು ಕೋರೈಸಿರಬೇಕೆಂದು ಅವರು ಕನ್ನಡಕ ಒರೆಸಿಕೊಂಡರು. ಮತ್ತೆ ಮಿಂಚಿತು, ಮೂರು ಸಲ, ಬಿಟ್ಟು ಬಿಟ್ಟು.

ಅನ್ನ ಕಟ್ಟಿಕೊಂಡು ಹೋಗಿದ್ದ ಸ್ಟೀಲು ಡಬ್ಬಿಯ ಮುಚ್ಚಳ ಅದು. ಮುನವ್ವರ್ ಮಲಗಿದಲ್ಲಿಂದಲೇ ಅದನ್ನು ಸೂರ್ಯನಿಗೆ ಹಿಡಿದು ಹೊರಳಿಸುತ್ತಿದ್ದ. ದಿಬ್ಬದ ತುದಿ ದಾಟುವಾಗ ಆಚೆ ಬದಿ ಕಡಿದಾಗಿದ್ದುದು ತಿಳಿಯದೆ ದಬಾಬ್ ಮುಗ್ಗರಿಸಿ, ಅವನ ಎಡಗಾಲಿನ ಮೇಲೆ ಬಿದ್ದು, ಅರ್ಧ ಮರಳಿನಲ್ಲಿ ಹೂತಿತ್ತು. ನಾಲ್ಕು ಜನ ಸೇರಿ ಅದನ್ನು ಎತ್ತಿದರು. ಕಾಲು ಕಪ್ಪಗಾಗಿತ್ತು. ತುಟಿಗಳು ಒಡೆದಿದ್ದವು. ಅವನಿಗೆ ಮಾತಾಡಲಾಗಲಿಲ್ಲ; ಸಾಂತಪ್ಪನವರ ಮುಖ ನೋಡಿ ಕಣ್ಣು ಮುಚ್ಚಿಕೊಂಡ. ಉಪಗ್ರಹದ ಫೋನು ಅವನಿಂದ ಮೂರು ಮಾರು ಕೆಳಗೆ ಮರಳಿನಲ್ಲಿ ಬಿದ್ದಿತ್ತು. ಕಡ್ಡಿಯನ್ನು ಪೂರ್ತಿ ಎಳೆದಿತ್ತು.

ಆಸ್ಪತ್ರೆಯಲ್ಲಿ ಮೋಹಿನಿ ಎಂಬ ದಾದಿಯಿದ್ದರು, ಬ್ರಹ್ಮಾವರದ ಕಡೆಯವರು. ಎರಡನೆಯ ದಿನ ಸಂಜೆ ಅವರು ಹೊರಗೆ ಬಂದು ಸಾಂತಪ್ಪನವರ ಪಕ್ಕದ ಬೆಂಚಿನಲ್ಲಿ ಕುಳಿತರು.

"ಅಣ್ಣ, ಜೀವಕ್ಕೆ ತೊಂದರೆ ಇಲ್ಲ ಇನ್ನು. ಆದ್ರೆ ಮೊಣಕಾಲಿನ ಕೆಳಗೆ ಉಳಿಸ್ಲಿಕ್ಕೆ ಆಗ್ಲಿಲ್ಲ."

ಸಾಂತಪ್ಪನವರು, "ಸಿಸ್ಟರ್, ಒಂದು ಕೇಳ್ತೇನೆ. ಶುಕ್ರವಾರ ಹನ್ನೊಂದು ಗಂಟೆಗೇ ಯಾರಾದ್ರೂ ಹೊರಟಿದ್ರೆ ಕಾಲು ಉಳೀತಿತ್ತಾ?" ಎಂದರು.

"ಅದನ್ನೆಲ್ಲ ಈಗ ಯಾಕೆ ಅಣ್ಣ?"

"ಹೇಳಿ. ಸುಳ್ಳು ಹೇಳ್ಬೇಡಿ."

ಮೋಹಿನಿ ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡಿದರು. "ಮುರಿದದ್ದು ಒಂದೇ ಕಡೆ. ಇಷ್ಟು ಹೊತ್ತು ಅಡಿಯಲ್ಲಿ ಸಿಕ್ಕಿಕೊಂಡು ರಕ್ತ ಹೋಗದೆ ಸತ್ತದ್ದು. ಬೇಗ ಬಂದಿದ್ರೆ ಉಳೀತಿತ್ತು ಅಂತ ಕಾಣ್ತದೆ," ಎಂದು ಎದ್ದು ಒಳಗೆ ಹೋದರು.

ಅಪಘಾತದ ವಿಷಯ ಪೊಲೀಸರಿಗೆ ಬರವಣಿಗೆಯಲ್ಲಿ ಕೊಡಬೇಕಾಗಿತ್ತು. ಅಂಗಡಿಯ ಗುಮಾಸ್ತ ಅರಬ್ಬಿಯಲ್ಲಿ ಒಂದು ಹೇಳಿಕೆ ಬರೆದು ತಂದ. ಹೋಗಿ ಬರುವವರ ಕಾಗದಗಳನ್ನು ಇಡುವವರು ಸಾಂತಪ್ಪನವರಾದುದರಿಂದ ಅದಕ್ಕೆ ಅವರ ಸಹಿ ಬೇಕಿತ್ತು.

"ಓದಿ ಹೇಳಿ," ಎಂದರು ಅವರು.

ಅಬೂ ಫಹದ್ ತಾವೇ ಓದಿದರು. ಕೆಲಸದವನು ಯಾರಿಗೂ ಹೇಳದೆ ಒಬ್ಬನೇ ಹೋದನು. ಅವನ ಬಳಿ ಉಪಗ್ರಹದ ಫೋನು ಇದ್ದಿತು. ಅವನು ಅದನ್ನು ಬಳಸಲಿಲ್ಲ.

ಅಲ್ಲಿಯವರೆಗೆ ಆ ಎರಡು ಕರೆಗಳ ಸಂಗತಿ ಸಾಂತಪ್ಪನವರ ಹೊರತು ಯಾರಿಗೂ ತಿಳಿದಿರಲಿಲ್ಲ. ಮುನವ್ವರ್ ಇನ್ನೂ ಜ್ವರದ ಮಂಪರಿನಲ್ಲಿದ್ದ. ಬಿದ್ದ ಫೋನಿನ ಬ್ಯಾಟರಿ ಸತ್ತಿತ್ತು. ಉಳಿದದ್ದು ಸಾಂತಪ್ಪನವರ ಕಿಸೆಯಲ್ಲಿದ್ದ ಮೊಬೈಲಿನ ಪಟ್ಟಿ ಮಾತ್ರ. ಅದನ್ನು ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಆ ಹೇಳಿಕೆ ಹಾಗೆಯೇ ಹೋದರೆ ಎಲ್ಲವೂ ಮುನವ್ವರನ ತಪ್ಪಾಗುತ್ತಿತ್ತು. ಕೆಲಸದ ಮೇಲೆ ಗಾಯವಾದವನಿಗೆ ಸಿಗಬೇಕಾದ ಚಿಕಿತ್ಸೆಯಾಗಲಿ ಪರಿಹಾರವಾಗಲಿ ಅವನಿಗೆ ಸಿಗುತ್ತಿರಲಿಲ್ಲ. ಒಂದು ಕಾಲಿನಲ್ಲಿ ಊರಿಗೆ ಹೋಗಬೇಕು, ಅದೂ ಫೋನಿದ್ದೂ ಮಾಡದ ದಡ್ಡನೆಂಬ ಹೆಸರು ಹೊತ್ತುಕೊಂಡು.

ಸಾಂತಪ್ಪನವರು ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು. "ಇದು ಸುಳ್ಳು. ಅವನನ್ನು ಕಳುಹಿಸಿದ್ದು ನೀವು. ಬಿಟ್ಟುಕೊಟ್ಟದ್ದು ನಾನು. ಅವನು ಎರಡು ಸಲ ಫೋನು ಮಾಡಿದ್ದಾನೆ. ಮೊದಲನೆಯದನ್ನು ನಾನು ಎತ್ತಲಿಲ್ಲ. ಎರಡನೆಯದನ್ನು ನಾನೇ ಕಟ್ ಮಾಡಿದೆ. ನೋಡಿ."

ಅಬೂ ಫಹದ್ ಪಟ್ಟಿಯನ್ನು ನೋಡಿದರು, ಅವರ ಮುಖ ನೋಡಿದರು. "ನಿನಗೆ ತಲೆ ಸರಿಯಿದೆಯೇ? ಇದನ್ನು ಬರೆದರೆ ಮೊದಲು ಹಿಡಿಯುವುದು ನಿನ್ನನ್ನು. ನಿನ್ನ ಪಾಸ್‌ಪೋರ್ಟು ನನ್ನ ಪೆಟ್ಟಿಗೆಯಲ್ಲಿದೆ ಎಂಬುದನ್ನು ಮರೆತೆಯಾ?"

"ಮರೆತಿಲ್ಲ. ಇದ್ದದ್ದನ್ನು ಬರೆಯಿರಿ. ಇಲ್ಲವಾದರೆ ನಾನು ಸಹಿ ಹಾಕುವುದಿಲ್ಲ. ಪೊಲೀಸರಿಗೆ ನಾನೇ ಹೋಗಿ ಹೇಳುತ್ತೇನೆ, ನನ್ನ ಅರಬ್ಬಿಯಲ್ಲಿ."

"ನಿನ್ನ ಅರಬ್ಬಿ ಅವರಿಗೆ ಅರ್ಥವಾಗುವುದಿಲ್ಲ," ಎಂದು ಅಬೂ ಫಹದ್ ಸಿಡುಕಿದರು. ಆಮೇಲೆ ಮೇಜಿನ ಮೇಲಿದ್ದ ಮೊಬೈಲನ್ನು ಎತ್ತಿ ಮತ್ತೊಮ್ಮೆ ಆ ಪಟ್ಟಿಯನ್ನು ನೋಡಿದರು. ಕಡೆಗೆ ಗುಮಾಸ್ತನ ಕೈಯಿಂದ ಕಾಗದ ತೆಗೆದುಕೊಂಡು ಹರಿದರು. ಹೊಸತು ಬರೆಸಿದರು. ಅದರಲ್ಲಿ ತಮ್ಮ ಹೆಸರನ್ನೂ ಸೇರಿಸಿದರು. ಪೊಲೀಸರು ಸಾಂತಪ್ಪನವರನ್ನು ಎರಡು ಸಲ ಕರೆಸಿ ಕೇಳಿ, ಬೈದು ಬಿಟ್ಟರು. ಫೋನು ಎತ್ತದಿರುವುದಕ್ಕೆ ಯಾವ ಶಿಕ್ಷೆಯೂ ಕಾನೂನಿನಲ್ಲಿ ಇರಲಿಲ್ಲವೋ ಏನೋ.

ಮುನವ್ವರನ ಹೆಂಡತಿ ಮಿಸ್ರಿಯಾ ದೇರಳಕಟ್ಟೆಯಲ್ಲಿದ್ದಳು. ಅವಳಿಗೆ ತಾವೇ ಹೇಳಬೇಕೆಂದು ಸಾಂತಪ್ಪನವರು ನಿಶ್ಚಯಿಸಿಕೊಂಡಿದ್ದರು. ಕಾಲಿನ ಸುದ್ದಿ ಕೇಳಿ ಅವಳು ಅತ್ತಳು. ಅತ್ತು ಮುಗಿದ ಮೇಲೆ, "ಅವರು ನಿಮಗೆ ಫೋನ್ ಮಾಡ್ಲಿಲ್ವಾ ಅಣ್ಣ?" ಎಂದು ಕೇಳಿದಳು.

"ಮಾಡಿದ. ನಾನು ಎತ್ತಲಿಲ್ಲ. ಮಿಸ್ಡ್ ಕಾಲ್ ಅಂದುಕೊಂಡೆ."

ಅವಳ ಹಿಂದೆ ಎಲ್ಲಿಯೋ ಮಕ್ಕಳು ಆಡುವ ಸದ್ದು ಮಾತ್ರ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಫೋನು ಇಟ್ಟಳು. ಅಂದಿನಿಂದ ಇಂದಿನವರೆಗೆ ಮಿಸ್ರಿಯಾ ಸಾಂತಪ್ಪನವರೊಂದಿಗೆ ಒಂದು ಮಾತನ್ನೂ ಆಡಿಲ್ಲ. ಅವರು ಅದನ್ನು ಯಾರ ಬಳಿಯೂ ದೂರಿಕೊಂಡದ್ದಿಲ್ಲ. ಅವಳು ಸರಿ ಎನ್ನುತ್ತಾರೆ.

ಐದನೆಯ ದಿನ ಮುನವ್ವರನಿಗೆ ಚೆನ್ನಾಗಿ ಎಚ್ಚರವಾಯಿತು. ಸಾಂತಪ್ಪನವರು ಮಂಚದ ಪಕ್ಕದಲ್ಲಿ ನಿಂತರು.

"ಕುಳಿತುಕೊಳ್ಳಿ ಸಾಂತಪ್ಪಣ್ಣ. ನಿಂತ್ರೆ ನಂಗೆ ಹೊಟ್ಟೆಕಿಚ್ಚಾಗ್ತದೆ," ಎಂದ ಮುನವ್ವರ್.

ಅವರು ಕುಳಿತರು. "ನಾನು ಕಟ್ ಮಾಡಿದ್ದು ಮಾರಾಯ."

"ಗೊತ್ತುಂಟು. ಎರಡನೇ ಸಲ ಕಟ್ ಆದಾಗಲೇ ಗೊತ್ತಾಯ್ತು, ಇವರು ನನ್ನ ಕಾರ್ಡು ಉಳಿಸ್ತಾ ಇದ್ದಾರೆ ಅಂತ. ಬೈದೆ ನಿಮಗೆ. ತುಳು, ಬ್ಯಾರಿ, ಅರಬ್ಬಿ, ನಂಗೆ ಬರುವ ಎಲ್ಲದ್ರಲ್ಲೂ ಬೈದೆ. ಮೂರನೇ ಸಲ ಮಾಡುವ ಅಂತ ತಿರುಗಿದೆ, ಕೈಯಿಂದ ಜಾರಿ ಹೋಯ್ತು. ಎದುರಿಗೇ ಬಿದ್ದಿತ್ತು. ಕೈಗೆ ಸಿಗ್ಲಿಲ್ಲ." ಅವನು ಮೇಲ್ಛಾವಣಿ ನೋಡಿದ. "ಸಾಯಂಕಾಲದವರೆಗೆ ಅದು ರಿಂಗ್ ಆಗ್ತದೆ, ಆಗ್ತದೆ ಅಂತ ನೋಡ್ತಾ ಇದ್ದೆ."

"ಮಾಡಿದ್ದೇನೆ ಮಾರಾಯ. ಸಂಜೆ ಮಾಡಿದ್ದೇನೆ, ಹತ್ತು ಸಲ. ಸಿಗ್ಲಿಲ್ಲ."

"ಬಿದ್ದದ್ದು ಮುಖ ಅಡಿಯಾಗಿ. ಕಡ್ಡಿ ಮರಳಿಗೆ ಹೊಕ್ಕಿತ್ತು. ಆಕಾಶ ಕಾಣ್ಬೇಕಲ್ಲ, ನೀವೇ ಹೇಳುವುದು." ಅವನು ನಗಲು ನೋಡಿದ. ದಾದಿ ಬಂದು ಹೊತ್ತಾಯಿತು ಎನ್ನುವವರೆಗೆ ಸಾಂತಪ್ಪನವರು ಅವನ ಅಂಗೈ ಹಿಡಿದುಕೊಂಡು ಕುಳಿತಿದ್ದರು. ಹೊರಡುವಾಗ ಮುನವ್ವರ್ ಒಂದೇ ಮಾತು ಹೇಳಿದ. ಸಿಟ್ಟಿರಲಿಲ್ಲ ಅದರಲ್ಲಿ, ಸಲುಗೆಯೂ ಇರಲಿಲ್ಲ. "ಇನ್ನು ಯಾರದ್ದಾದ್ರೂ ಬಂದ್ರೆ ಎತ್ತಿ ಸಾಂತಪ್ಪಣ್ಣ."

ಮೂರು ತಿಂಗಳ ನಂತರ ಮುನವ್ವರ್ ಊರಿಗೆ ಹೋದ. ಸಿಗಬೇಕಾದ ಪರಿಹಾರ ತಡವಾಗಿಯಾದರೂ ಸಿಕ್ಕಿತು. ಅದರಲ್ಲಿ ಅವನು ಕೃತಕ ಕಾಲು ಹಾಕಿಸಿಕೊಂಡು, ದೇರಳಕಟ್ಟೆಯ ರಸ್ತೆಬದಿಯಲ್ಲಿ ಬೈಕ್ ದುರಸ್ತಿಯ ಅಂಗಡಿ ಇಟ್ಟಿದ್ದಾನೆ. ಕುಳಿತು ಮಾಡುವ ಕೆಲಸ ತಾನು ಮಾಡುತ್ತಾನೆ, ಬಗ್ಗಿ ಮಾಡುವುದಕ್ಕೆ ಒಬ್ಬರನ್ನು ಇಟ್ಟುಕೊಂಡಿದ್ದಾನೆ. ಹಬ್ಬಕ್ಕೊಮ್ಮೆ ಸಾಂತಪ್ಪನವರಿಗೆ ಫೋನು ಮಾಡುತ್ತಾನೆ. ಮೊದಲ ರಿಂಗ್ ಪೂರ್ತಿಯಾಗುವ ಮುನ್ನ ಅವರು ಎತ್ತುತ್ತಾರೆ.

ಅಬೂ ಫಹದ್ ಸಾಂತಪ್ಪನವರನ್ನು ಕೂಡಲೇ ಕಳುಹಿಸಲಿಲ್ಲ. ವಾಸದ ಪರವಾನಗಿಯಾದ ಇಕಾಮಾವನ್ನು ನವೀಕರಿಸುವ ಸಮಯ ಬಂದಾಗ ಮಾತ್ರ, "ನೀನು ಬೇರೆ ಕಡೆ ನೋಡಿಕೋ, ನಾನು ಬಿಡುಗಡೆಯ ಕಾಗದ ಕೊಡುತ್ತೇನೆ," ಎಂದರು. ಪಾಸ್‌ಪೋರ್ಟನ್ನು ತಾವೇ ತಂದು ಕೈಗಿತ್ತರು. ಅದಾದ ಎರಡು ವರ್ಷಕ್ಕೆ ಗಡಿಯಾಚೆ ಯುದ್ಧ ಆರಂಭವಾಗಿ ನಜ್ರಾನಿನ ಕಡೆ ಮರಳಿನ ವಿಹಾರವೇ ನಿಂತುಹೋಯಿತು. ಆ ಅಂಗಡಿಯೂ ಮುಚ್ಚಿತು.

ಸಾಂತಪ್ಪನವರು ರಿಯಾದಿಗೆ ಬಂದರು. ಮರಳಿಗೆ ಹೋಗುವ ಸರ್ವೇ ತಂಡಗಳಿಗೂ ವಾರಾಂತ್ಯದ ದಬಾಬ್ ಸವಾರರಿಗೂ ಸಂಪರ್ಕದ ಯಂತ್ರಗಳನ್ನು ಬಾಡಿಗೆಗೆ ಕೊಡುವ ಒಂದು ಮಳಿಗೆಯಲ್ಲಿ ಕೆಲಸ ಸಿಕ್ಕಿತು. ಕೆಲಸಕ್ಕೆ ಸೇರುವ ದಿನವೇ ಹೊಸ ಯಜಮಾನರಿಗೆ ನಜ್ರಾನಿನ ಸಂಗತಿಯನ್ನೆಲ್ಲ ಹೇಳಿದರು. ಹೇಳಿ, ಎರಡು ಬೇಡಿಕೆಗಳನ್ನಿಟ್ಟರು. ಕೆಂಪು ಡಬ್ಬಿಗಳಲ್ಲಿ ಒಂದು ಯಾವಾಗಲೂ ಕೆಲಸದವರಿಗೆ ಮೀಸಲು. ಮಳಿಗೆಯಿಂದ ಹೋದ ಯಂತ್ರಗಳ ಕರೆ ಬರುವ ಫೋನಿಗೆ ಬೇರೆ ಮೇಜು, ಅದರ ಮುಂದೆ ಕೂತವರಿಗೆ ಬೇರೆ ಯಾವ ಕೆಲಸವೂ ಇರಬಾರದು. ಎರಡನೆಯದನ್ನು ಕೇಳಿ ಯಜಮಾನರು ನಕ್ಕರಂತೆ: "ಸುಮ್ಮನೆ ಕೂರುವುದಕ್ಕೆ ಸಂಬಳವೇ?" ಒಂದು ಚಳಿಗಾಲ ಕಳೆದ ಮೇಲೆ ಒಪ್ಪಿಕೊಂಡರು.

ಈಗ 2019. ಸಾಂತಪ್ಪನವರಿಗೆ ಐವತ್ತೆಂಟು. ಬರೆದು ಸಂದೇಶ ಕಳುಹಿಸಬಹುದಾದ, ಅಂಗೈಯಗಲದ ಹೊಸ ಯಂತ್ರಗಳು ಬಂದಿವೆ. ದಾರಿಯುದ್ದಕ್ಕೂ ಹೋದವರ ಜಾಗವನ್ನು ತೋರಿಸುವವು ಕೂಡ. ಅವುಗಳನ್ನು ಅವರು ಬೇಗನೆ ಕಲಿತರು. ಆದರೆ ಯಂತ್ರ ಕೊಡುವ ಮೊದಲು ಅವರು ಕೇಳುವ ಮೊದಲ ಪ್ರಶ್ನೆ ಯಂತ್ರದ ಬಗ್ಗೆ ಅಲ್ಲ. ಮನೆಯಲ್ಲಿ ನಿಮಗಾಗಿ ಕಾಯುವವರು ಯಾರು, ಗುರುತಿಲ್ಲದ ಉದ್ದನೆಯ ನಂಬರಿನಿಂದ ಕರೆ ಬಂದರೆ ಎತ್ತಬೇಕೆಂದು ಅವರಿಗೆ ಹೇಳಿದ್ದೀರಾ ಎಂದು ಕೇಳುತ್ತಾರೆ. ಹೇಳಿಲ್ಲವೆಂದರೆ ಅಲ್ಲಿಯೇ, ತಮ್ಮ ಮುಂದೆಯೇ ಹೇಳಿಸುತ್ತಾರೆ. ಗಿರಾಕಿಗಳು ಕೆಲವರು ರೇಗುತ್ತಾರೆ, ಅವರು ಹಟ ಬಿಡುವುದಿಲ್ಲ.

ಈ ಚಳಿಗಾಲದಲ್ಲಿ ಭಟ್ಕಳದ ನಿಝಾಮುದ್ದೀನ್ ಎಂಬವರು ಆ ಮೇಜಿಗೆ ಜೊತೆಯಾಗಿದ್ದಾರೆ. ಹತ್ತು ವರ್ಷ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂತವರು. ಅವರಿಗೆ ಸಾಂತಪ್ಪನವರು ಯಂತ್ರಗಳ ಕೆಲಸವನ್ನು ಕಲಿಸುತ್ತಿದ್ದಾರೆ. ಶುಕ್ರವಾರ ಬೆಳಗ್ಗೆ ಎಂಟರಿಂದ ಸೂರ್ಯ ಮುಳುಗಿ ಕಡೆಯ ತಂಡ ಹಿಂದಿರುಗುವವರೆಗೆ ಇಬ್ಬರಲ್ಲಿ ಒಬ್ಬರು ಅಲ್ಲಿರುತ್ತಾರೆ. ನಿಝಾಮುದ್ದೀನ್ ಜುಮಾಕ್ಕೆ ಹೋಗಿ ಬರುತ್ತಾರೆ. ಬಂದು ಕುರ್ಚಿಯ ಹಿಂದೆ ನಿಂತು, "ಏಳಿ ಮಾರಾಯ್ರೆ, ಅನ್ನ ತಣ್ಣಗಾಗ್ತದೆ," ಎಂದು ಎರಡೆರಡು ಸಲ ಹೇಳಬೇಕು. ಸಾಂತಪ್ಪನವರು ಎದ್ದು ಊಟಕ್ಕೆ ಹೋಗುತ್ತಾರೆ, ಹತ್ತು ನಿಮಿಷದಲ್ಲಿ ಕೈ ತೊಳೆದು ಬಂದು ಮತ್ತೆ ಕೂರುತ್ತಾರೆ.